ವ್ಯಾಲಿಡೇಟರ್ ಪಾಸ್, ಉತ್ತರ ನಾಪತ್ತೆ: ವಿಮಾ ತಂತ್ರಾಂಶದ ದೋಷ ಹುಡುಕುವ ಕೈಪಿಡಿ

ಪೂರ್ವಾನುಮತಿ ಕೋರಿಕೆ ಹೋಗಿದೆ, ಉತ್ತರ ಬಂದಿಲ್ಲ ಎನ್ನುತ್ತದೆ ಕೋಲಾರದ ನರ್ಸಿಂಗ್ ಹೋಮಿನ ವಿಮಾ ಡೆಸ್ಕ್. ‘ನಮ್ಮ ಕಡೆ ಎಲ್ಲ ಪಾಸ್ ಆಗಿದೆ ಸಾರ್, ನಿಮ್ಮ ಕಡೆಯೇ ನೋಡಿ’ ಎನ್ನುತ್ತದೆ ವಿಮಾ ಕಂಪನಿಯ ತಾಂತ್ರಿಕ ತಂಡ. ಎರಡೂ ಮಾತು ನಿಜವಾಗಿರಬಹುದು. ಸಂದೇಶವನ್ನು ಕಳಿಸಿದ್ದಕ್ಕೂ ಅದು ತಲುಪಿದ್ದಕ್ಕೂ ನಡುವೆ, ತಲುಪಿದ್ದಕ್ಕೂ ಅದು ಅರ್ಥವಾದದ್ದಕ್ಕೂ ನಡುವೆ ಹಲವು ಮೆಟ್ಟಿಲುಗಳಿವೆ. ಒಂದೊಂದು ತಂಡವೂ ತನ್ನ ಮೆಟ್ಟಿಲನ್ನು ಮಾತ್ರ ನೋಡಿ ಸರಿ ಎನ್ನುತ್ತದೆ. ಈ ಬರಹ ಇರುವುದು ಆ ಮೆಟ್ಟಿಲುಗಳನ್ನು ಹೊರಗಿನಿಂದ ಒಳಕ್ಕೆ ಒಂದೊಂದಾಗಿ ಇಳಿಯುವ ಪರೀಕ್ಷಕರಿಗಾಗಿ.

ಹಿನ್ನೆಲೆ ಚಿಕ್ಕದಾಗಿ ಹೀಗಿದೆ. ಆಸ್ಪತ್ರೆ ಮತ್ತು ವಿಮಾ ಕಂಪನಿಗಳ ನಡುವೆ ಕ್ಲೇಮು ಸಾಗಿಸಲು ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರವು ವಿಮಾ ನಿಯಂತ್ರಕ ಐಆರ್‌ಡಿಎಐ ಜೊತೆಗೂಡಿ ರೂಪಿಸಿದ ವ್ಯವಸ್ಥೆ ಎನ್‌ಎಚ್‌ಸಿಎಕ್ಸ್. ಸಂದೇಶದ ಒಡಲು, ಆರೋಗ್ಯ ದತ್ತಾಂಶದ ವಿನಿಮಯಕ್ಕೆಂದು ಎಚ್‌ಎಲ್7 ಸಂಸ್ಥೆ ರೂಪಿಸಿದ ಎಫ್‌ಎಚ್‌ಐಆರ್ ಮಾನದಂಡದ ಆರ್4 ಆವೃತ್ತಿಯಲ್ಲಿರುತ್ತದೆ. ಭಾರತಕ್ಕೆ ಬೇಕಾದ ಪ್ರೊಫೈಲ್‌ಗಳನ್ನು, ಅಂದರೆ ಮೂಲ ಮಾನದಂಡದ ಮೇಲೆ ಸೇರಿಸಿದ ಸ್ಥಳೀಯ ನಿಯಮಗಳನ್ನು, ಪುಣೆಯ ಸಿ-ಡ್ಯಾಕ್‌ನಲ್ಲಿರುವ ಎನ್‌ಆರ್‌ಸಿಇಎಸ್ ಕೇಂದ್ರ ಪ್ರಕಟಿಸುತ್ತದೆ. 2024ರ ಮೇ 29ರ ಐಆರ್‌ಡಿಎಐ ಮಾಸ್ಟರ್ ಸುತ್ತೋಲೆಯ ಪ್ರಕಾರ ನಗದುರಹಿತ ಚಿಕಿತ್ಸೆಯ ಕೋರಿಕೆಗೆ 1 ಗಂಟೆಯೊಳಗೆ ನಿರ್ಧಾರ ಹೇಳಬೇಕು, ಬಿಡುಗಡೆಯ ಅಂತಿಮ ಅನುಮತಿಯನ್ನು 3 ಗಂಟೆಯೊಳಗೆ ಕೊಡಬೇಕು. ಉತ್ತರದ ಸಂದೇಶ ಎಲ್ಲೋ ಸಿಕ್ಕಿಬಿದ್ದರೆ ಮುಳಬಾಗಿಲಿನಿಂದ ಬಂದ ರೋಗಿಯ ಮನೆಯವರು ಬಿಲ್ಲಿಂಗ್ ಕಿಟಕಿಯ ಮುಂದೆ ನಿಂತೇ ಇರುತ್ತಾರೆ.

ಮೊದಲು ಕಚ್ಚಾ ಸಂದೇಶ ಕೇಳಿ

ಸ್ಕ್ರೀನ್‌ಶಾಟ್ ಬೇಡ. ಲಾಗ್ ನೋಡುವ ತಂತ್ರಾಂಶ ಸಾಲು ಮುರಿದು, ಬಣ್ಣ ಹಚ್ಚಿ, ಚಂದ ಮಾಡಿ ತೋರಿಸಿದ ಪಠ್ಯವೂ ಬೇಡ. ತಂತಿಯ ಮೇಲೆ ಹೋದ ಬೈಟುಗಳೇ ಬೇಕು, ಫೈಲಾಗಿ, ಯಾರೂ ಎಡಿಟರಿನಲ್ಲಿ ತೆರೆದು ಮತ್ತೆ ಉಳಿಸಿರದ ರೂಪದಲ್ಲಿ. ಕೆಳಗೆ ಹೇಳುವ ದೋಷಗಳಲ್ಲಿ ಕೆಲವು ಎಡಿಟರ್ ಒಮ್ಮೆ ಉಳಿಸಿದ ಮಾತ್ರಕ್ಕೆ ಮಾಯವಾಗುತ್ತವೆ. ಆಮೇಲೆ ದೋಷವೇ ಇಲ್ಲ ಎಂದು ವಾದ ಶುರುವಾಗುತ್ತದೆ. ಇದನ್ನು ಪರೀಕ್ಷಾ ಪರಿಸರದಲ್ಲಿ, ಕಲ್ಪಿತ ರೋಗಿಗಳ ದತ್ತಾಂಶದಲ್ಲಿ ಮಾತ್ರ ಮಾಡಬೇಕೆಂದು ಬೇರೆ ಹೇಳಬೇಕಿಲ್ಲ. ಆದರೂ ನಿಜವಾದ ರೋಗಿಯ ಕಡತವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುವವರು ಇರುವುದರಿಂದ ಹೇಳುತ್ತಿದ್ದೇನೆ.

‘ಸ್ವೀಕರಿಸಲಾಗಿದೆ’ ಎಂದರೆ ಎಷ್ಟು?

ಈ ವಿನಿಮಯದಲ್ಲಿ ಕೋರಿಕೆಗೆ ಆ ಕ್ಷಣದಲ್ಲೇ ಉತ್ತರ ಬರುವುದಿಲ್ಲ. ಕಳಿಸಿದ ಕೂಡಲೇ ಸಿಗುವ 202 ಸಂಕೇತದ ಅರ್ಥ ಸಂದೇಶವನ್ನು ಸರದಿಯಲ್ಲಿ ಇಟ್ಟುಕೊಂಡಿದ್ದೇವೆ ಎಂದಷ್ಟೇ. ನಿಜವಾದ ಉತ್ತರವನ್ನು ವಿಮಾ ಕಂಪನಿ ಆಮೇಲೆ ತಾನಾಗಿ ಬೇರೆ ಕರೆಯ ಮೂಲಕ ಕಳಿಸುತ್ತದೆ. ಆದ್ದರಿಂದ ‘ಉತ್ತರ ಬಂದಿಲ್ಲ’ ಎಂಬ ದೂರನ್ನು ಮೂರಾಗಿ ಒಡೆಯಿರಿ: ವಿಮಾ ಕಂಪನಿ ಉತ್ತರವನ್ನು ಕಳಿಸಲೇ ಇಲ್ಲವೇ? ಕಳಿಸಿದ್ದು ಆಸ್ಪತ್ರೆಯ ಸರ್ವರಿಗೆ ಮುಟ್ಟಲಿಲ್ಲವೇ? ಮುಟ್ಟಿದರೂ ಯಾವ ಕೋರಿಕೆಯ ಉತ್ತರ ಎಂದು ತಿಳಿಯದೆ ಆಸ್ಪತ್ರೆಯ ತಂತ್ರಾಂಶ ಅದನ್ನು ಮೂಲೆಗೆ ಹಾಕಿತೇ?

ಹೆಚ್ಚಾಗಿ ಕಾಣುವುದು ಮೂರನೆಯದು. ಸಂದೇಶದ ಹೆಡರಿನಲ್ಲಿ ಹಲವು ಗುರುತುಗಳಿರುತ್ತವೆ. ಎಪಿಐ ಕಾಲ್ ಐಡಿ ಪ್ರತಿ ಕರೆಗೂ ಹೊಸದಾಗಿರಬೇಕು. ಕಾರೆಲೇಶನ್ ಐಡಿ ಕೋರಿಕೆಯಲ್ಲೂ ಅದರ ಉತ್ತರದಲ್ಲೂ ಒಂದೇ ಇರಬೇಕು. ವರ್ಕ್‌ಫ್ಲೋ ಐಡಿ ಅರ್ಹತೆ ವಿಚಾರಿಸಿದಲ್ಲಿಂದ ಕ್ಲೇಮು ಮುಗಿಯುವವರೆಗೂ ಬದಲಾಗಬಾರದು. ಉತ್ತರ ಬರೆಯುವಾಗ ಮೂರನ್ನೂ ಹೊಸದಾಗಿ ಹುಟ್ಟಿಸುವ ವಿಮಾ ತಂತ್ರಾಂಶಗಳಿವೆ, ಮೂರನ್ನೂ ನಕಲು ಮಾಡುವವೂ ಇವೆ. ಮೊದಲನೆಯ ಬಗೆಯಲ್ಲಿ ಉತ್ತರ ಅನಾಥವಾಗುತ್ತದೆ. ಎರಡನೆಯದರಲ್ಲಿ ಇದು ಆಗಲೇ ಬಂದ ಕರೆ ಎಂದು ಎದುರಿನವರು ತಳ್ಳಿಹಾಕುತ್ತಾರೆ. ಎರಡೂ ಸಂದರ್ಭದಲ್ಲಿ ವಿಮಾ ಕಂಪನಿಯ ಲಾಗ್ ‘ಉತ್ತರ ಕಳಿಸಲಾಗಿದೆ’ ಎಂದೇ ಹೇಳುತ್ತದೆ.

ಇದನ್ನು ನೋಡಲು ಗುಪ್ತ ಕೀಲಿ ಬೇಕಿಲ್ಲ. ಸಂದೇಶ ಸಾಗುವುದು ಜೆಡಬ್ಲ್ಯುಇ ಎಂಬ ಬೀಗ ಹಾಕಿದ (ಗೂಢಲಿಪಿಯ) ರೂಪದಲ್ಲಿ; ಅದರಲ್ಲಿ ಚುಕ್ಕಿಗಳಿಂದ ಬೇರ್ಪಟ್ಟ ಐದು ಭಾಗಗಳಿರುತ್ತವೆ. ಮೊದಲ ಭಾಗವಾದ ಹೆಡರ್ ಗುಪ್ತವಲ್ಲ, ಬೇಸ್64ಯುಆರ್‌ಎಲ್‌ನಲ್ಲಿ ಬರೆದದ್ದು ಅಷ್ಟೇ. ಅದನ್ನು ಬಿಡಿಸಿ, ಕೋರಿಕೆ ಮತ್ತು ಉತ್ತರದ ಹೆಡರುಗಳನ್ನು ಅಕ್ಕಪಕ್ಕ ಇಟ್ಟರೆ ಅರ್ಧ ದೂರುಗಳು ಅಲ್ಲಿಯೇ ಇತ್ಯರ್ಥವಾಗುತ್ತವೆ. ಚುಕ್ಕಿಗಳು ನಾಲ್ಕಿಲ್ಲದಿದ್ದರೆ ಸಂದೇಶ ಆ ರೂಪದಲ್ಲೇ ಇಲ್ಲ ಎಂದು, ಅಡ್ಡಗೆರೆಯ ಜಾಗದಲ್ಲಿ ಕೂಡುವ ಚಿಹ್ನೆ ಕಂಡರೆ ಯಾರೋ ಸಾದಾ ಬೇಸ್64 ಬಳಸಿದ್ದಾರೆ ಎಂದು ತಿಳಿಯಬಹುದು.

ಬೀಗ ತೆರೆಯದಿದ್ದಾಗ

ನಿನ್ನೆಯವರೆಗೆ ತೆರೆಯುತ್ತಿದ್ದ ಸಂದೇಶ ಇಂದು ತೆರೆಯದಿದ್ದರೆ ಮೊದಲು ಪ್ರಮಾಣಪತ್ರ ನೋಡಿ. ವಿಮಾ ಕಂಪನಿ ಹೊಸ ಕೀಲಿಗೆ ಹೋಗಿರುತ್ತದೆ, ಆಸ್ಪತ್ರೆಯ ತಂತ್ರಾಂಶ ಹಳೆಯ ಸಾರ್ವಜನಿಕ ಕೀಲಿಯನ್ನು ಸ್ಮೃತಿಯಲ್ಲಿಟ್ಟುಕೊಂಡು ಅದರಿಂದಲೇ ಬೀಗ ಹಾಕುತ್ತಿರುತ್ತದೆ.

ಮೊದಲಿನಿಂದಲೂ ತೆರೆಯದಿದ್ದರೆ, ಕೀಲಿ ಸರಿ ಇದ್ದೂ ತೆರೆಯದಿದ್ದರೆ, ಅನುಮಾನ ಓಎಇಪಿ ಮೇಲಿರಲಿ; ಆರ್‌ಎಸ್‌ಎ ಬೀಗ ಹಾಕುವ ಮುನ್ನ ದತ್ತಾಂಶವನ್ನು ಸಿದ್ಧಮಾಡುವ ವಿಧಾನ ಅದು. ಹೆಡರಿನಲ್ಲಿ ಆರ್‌ಎಸ್‌ಎ-ಓಎಇಪಿ ಎಂದಿದ್ದರೆ ಒಳಗಿನ ಹ್ಯಾಶ್ ಎಸ್‌ಎಚ್‌ಎ-1. ಆರ್‌ಎಸ್‌ಎ-ಓಎಇಪಿ-256 ಎಂದಿದ್ದರೆ ಎಸ್‌ಎಚ್‌ಎ-256, ಜೊತೆಗೆ ಎಮ್‌ಜಿಎಫ್1 ಎಂಬ ಒಳ ಹೆಜ್ಜೆಗೂ ಎಸ್‌ಎಚ್‌ಎ-256. ಜಾವಾದ ಮೂಲ ಗ್ರಂಥಾಲಯದಲ್ಲಿ ಹೆಸರಿನಿಂದ ಎಸ್‌ಎಚ್‌ಎ-256 ಓಎಇಪಿ ಆಯ್ದುಕೊಂಡರೂ ಎಮ್‌ಜಿಎಫ್1 ಹೆಜ್ಜೆ ಸದ್ದಿಲ್ಲದೆ ಎಸ್‌ಎಚ್‌ಎ-1ರಲ್ಲೇ ಉಳಿಯುತ್ತದೆ. ಬೇರೆಯದು ಬೇಕೆಂದು ನಾವೇ ಬರೆದು ಹೇಳಬೇಕು. ಹೀಗಾಗಿ ಜಾವಾದಲ್ಲಿ ಕೈಯಾರೆ ಬರೆದ ಎರಡು ತಂತ್ರಾಂಶಗಳು ಪರಸ್ಪರ ಚೆನ್ನಾಗಿ ಮಾತಾಡಿಕೊಳ್ಳುತ್ತವೆ, ಮಾನದಂಡದಂತೆ ನಡೆಯುವ ಮೂರನೆಯದರ ಜೊತೆ ಮಾತ್ರ ಮುನಿಸು. ವಿಮಾ ಕಂಪನಿಯ ಒಳ ಪರೀಕ್ಷೆಯಲ್ಲಿ ಇದು ಎಂದಿಗೂ ಸಿಗುವುದಿಲ್ಲ, ಏಕೆಂದರೆ ಬೀಗ ಹಾಕಿದವರೂ ತೆಗೆದವರೂ ಅವರೇ. ಬೇರೆ ಭಾಷೆಯಲ್ಲಿ, ಬೇರೆಯವರು ಬರೆದ ಗ್ರಂಥಾಲಯದಿಂದ ಬೀಗ ಹಾಕಿ ಕಳಿಸುವುದೇ ಇದಕ್ಕೆ ಸರಿಯಾದ ಪರೀಕ್ಷೆ.

ವ್ಯಾಲಿಡೇಟರಿನ ಹಸಿರು ಬಣ್ಣ

ವ್ಯಾಲಿಡೇಟರ್ ಎಂದರೆ ಸಂದೇಶ ನಿಯಮದಂತಿದೆಯೇ ಎಂದು ನೋಡುವ ತಂತ್ರಾಂಶ. ಎಚ್‌ಎಲ್7 ಕೊಡುವ ಅಧಿಕೃತ ವ್ಯಾಲಿಡೇಟರ್ ಒಳ್ಳೆಯ ಸಾಧನ, ಆದರೆ ಅದಕ್ಕೆ ಏನು ಕೇಳಿದಿರಿ ಎಂಬುದು ಮುಖ್ಯ. ಎಪಿಎಂಸಿ ಅಂಗಳದಲ್ಲಿ ಕ್ರೇಟುಗಳ ಲೆಕ್ಕ ಸರಿಯಾಯಿತು ಎಂದರೆ ಒಳಗಿನ ಟೊಮೆಟೊ ಚೆನ್ನಾಗಿದೆ ಎಂದಲ್ಲ.

ಸಂದೇಶದ ಮೆಟಾ ಭಾಗದಲ್ಲಿ ಪ್ರೊಫೈಲಿನ ಹೆಸರಿಲ್ಲದಿದ್ದರೆ, ನೀವೂ ಆಜ್ಞೆಯಲ್ಲಿ ಪ್ರೊಫೈಲ್ ಸೂಚಿಸದಿದ್ದರೆ, ವ್ಯಾಲಿಡೇಟರ್ ಮೂಲ ಎಫ್‌ಎಚ್‌ಐಆರ್ ನಿಯಮಗಳನ್ನು ಮಾತ್ರ ನೋಡಿ ಪಾಸ್ ಮಾಡುತ್ತದೆ. ಭಾರತದ ಪ್ರೊಫೈಲ್ ಕಡ್ಡಾಯ ಮಾಡಿದ ಅಂಶ ಇಲ್ಲವೆಂದು ಅದು ಹೇಳುವುದಿಲ್ಲ, ಏಕೆಂದರೆ ಯಾರೂ ಅದನ್ನು ಕೇಳಿಲ್ಲ. ಎರಡನೆಯ ಬಲೆ ವೈದ್ಯಕೀಯ ಸಂಕೇತಗಳನ್ನು ತಾಳೆ ನೋಡುವ ಪರಿಭಾಷಾ ಸರ್ವರ್. ಕಚೇರಿಯ ಫೈರ್‌ವಾಲ್ ಅದನ್ನು ತಡೆದಿದ್ದರೆ ಕೆಲವರು ಆ ಪರಿಶೀಲನೆಯನ್ನೇ ನಿಲ್ಲಿಸಿಬಿಡುತ್ತಾರೆ. ಆಗ ಸ್ನೋಮೆಡ್ (ವೈದ್ಯಕೀಯ ಪದಗಳ ಸಂಕೇತಪಟ್ಟಿ) ಸಂಕೇತ ನಿಜಕ್ಕೂ ಇದೆಯೋ ಇಲ್ಲವೋ ಯಾರೂ ನೋಡಿರುವುದಿಲ್ಲ. ಮನೆಯಲ್ಲಿ ಫೇಲ್ ಆಗಿ ಕಚೇರಿಯಲ್ಲಿ ಪಾಸ್ ಆಗುವ ಸಂದೇಶಗಳ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಮೂರನೆಯದು ಎರಡು ಕಡೆಯವರು ಬಳಸುವ ಪ್ರೊಫೈಲ್ ಪೊಟ್ಟಣದ ಆವೃತ್ತಿ. ವರದಿಯ ತಲೆಯಲ್ಲಿ ಆವೃತ್ತಿ ಬರೆಯದ ‘ಪಾಸ್’ಗೆ ಬೆಲೆಯಿಲ್ಲ.

ಆಕಾರದ ತಪ್ಪುಗಳಲ್ಲಿ ಪದೇ ಪದೇ ಸಿಗುವುದು ಖಾಲಿ ಅಂಶಗಳು. ಎಫ್‌ಎಚ್‌ಐಆರ್‌ನ ಜೇಸನ್ ರೂಪದಲ್ಲಿ ಖಾಲಿ ಪಟ್ಟಿ, ಖಾಲಿ ವಸ್ತು, ಖಾಲಿ ಸ್ಟ್ರಿಂಗ್ ಯಾವುದಕ್ಕೂ ಅವಕಾಶವಿಲ್ಲ. ಮೌಲ್ಯವಿಲ್ಲದಿದ್ದರೆ ಅಂಶವನ್ನೇ ಬಿಡಬೇಕು, ನಲ್ ಎಂದು ಬರೆಯುವಂತಿಲ್ಲ. ಇದನ್ನು ವ್ಯಾಲಿಡೇಟರೇ ಹೇಳುತ್ತದೆ, ಮುಂದೆ ಹೋಗೋಣ.

ಕೊಂಡಿ ತಪ್ಪಿದ ಬಂಡಲ್

ಬಂಡಲ್ ಎಂದರೆ ರೋಗಿ, ಕ್ಲೇಮು ಮುಂತಾದ ದಾಖಲೆಗಳನ್ನು ಒಟ್ಟಿಗೆ ಕಟ್ಟಿದ ಕಂತೆ. ಕೊಂಡಿ ತಪ್ಪಿದಾಗಿನ ಲಕ್ಷಣ ವಿಚಿತ್ರ. ವಿಮಾ ಕಂಪನಿಯ ಉತ್ತರ ‘ರೋಗಿಯ ವಿವರ ಇಲ್ಲ’ ಎನ್ನುತ್ತದೆ. ಬಂಡಲ್ ತೆರೆದು ನೋಡಿದರೆ ರೋಗಿಯ ವಿವರ ಕಣ್ಣೆದುರೇ ಇರುತ್ತದೆ.

ಬಂಡಲಿನ ಪ್ರತಿ ನಮೂದಿಗೂ ಫುಲ್‌ಯುಆರ್‌ಎಲ್ ಎಂಬ ವಿಳಾಸ ಇರುತ್ತದೆ. ಆಸ್ಪತ್ರೆಯ ತಂತ್ರಾಂಶ ಅಲ್ಲಿ ಯುಆರ್‌ಎನ್-ಯುಯುಐಡಿ ರೂಪದ (ಎಲ್ಲೂ ಮರುಕಳಿಸದ ಉದ್ದನೆಯ) ಗುರುತನ್ನು ಇಟ್ಟು, ಕ್ಲೇಮ್ ಒಳಗಿನಿಂದ ರೋಗಿಯನ್ನು ‘ಪೇಷೆಂಟ್/1’ ಎಂಬ ಸಾಪೇಕ್ಷ ರೀತಿಯಲ್ಲಿ ತೋರಿಸಿರುತ್ತದೆ. ಮಾನದಂಡದ ಪ್ರಕಾರ ಸಾಪೇಕ್ಷ ಕೊಂಡಿಯನ್ನು ಬಂಡಲಿನೊಳಗೆ ಬಿಡಿಸಲು ಫುಲ್‌ಯುಆರ್‌ಎಲ್ ಸರ್ವರ್ ವಿಳಾಸದ ರೂಪದಲ್ಲಿರಬೇಕು. ಯುಯುಐಡಿ ಇದ್ದಲ್ಲಿ ಕೊಂಡಿಯಲ್ಲೂ ಅದೇ ಪೂರ್ತಿ ಯುಯುಐಡಿ ಬರಬೇಕು. ಕೆಲವು ವಿಮಾ ತಂತ್ರಾಂಶಗಳು ಉದಾರವಾಗಿ ಐಡಿಯನ್ನು ಹೋಲಿಸಿ ಹುಡುಕಿಕೊಳ್ಳುತ್ತವೆ, ಕೆಲವು ನಿಯಮದಂತೆ ನಡೆದು ಸಿಗಲಿಲ್ಲ ಎನ್ನುತ್ತವೆ. ನಿಯಮದಂತೆ ನಡೆದವರನ್ನೇ ಎಲ್ಲರೂ ಬೈಯುತ್ತಾರೆ, ಏಕೆಂದರೆ ‘ಬೇರೆ ಕಂಪನಿಯಲ್ಲಿ ಹೋಗುತ್ತದಲ್ಲ?’ ಈ ವಿಷಯದಲ್ಲಿ ನನ್ನ ಪಕ್ಷ ನಿಯಮದವರದು. ಉದಾರಿಗಳು ತಪ್ಪನ್ನು ಸಾಕಿ ಬೆಳೆಸುತ್ತಾರೆ.

ಯುಯುಐಡಿಯನ್ನು ದೊಡ್ಡಕ್ಷರದಲ್ಲಿ ಹುಟ್ಟಿಸುವ ಗ್ರಂಥಾಲಯಗಳೂ ಇವೆ. ಎಫ್‌ಎಚ್‌ಐಆರ್ ಒಪ್ಪುವುದು ಚಿಕ್ಕಕ್ಷರದ್ದನ್ನು. ಪರೀಕ್ಷಿಸುವಾಗ ಇಡೀ ಬಂಡಲನ್ನು ವ್ಯಾಲಿಡೇಟರಿಗೆ ಕೊಡಿ. ಕ್ಲೇಮ್ ಒಂದನ್ನೇ ಕತ್ತರಿಸಿ ಕೊಟ್ಟರೆ ಕೊಂಡಿಯ ಆ ತುದಿಯಲ್ಲಿ ಏನಿದೆ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು?

ಮುಂಜಾನೆ ಮಾತ್ರ ಫೇಲ್ ಆಗುವ ಕೋರಿಕೆ

ಪಾಲಿಸಿ ಚಾಲ್ತಿಯಲ್ಲಿದೆ, ಆದರೂ ‘ದಾಖಲಾದ ದಿನ ಪಾಲಿಸಿ ಇರಲಿಲ್ಲ’ ಎಂದು ತಿರಸ್ಕಾರ. ಹಗಲಿನಲ್ಲಿ ಕಳಿಸಿದರೆ ತೊಂದರೆಯಿಲ್ಲ. ಬೆಳಗಿನ ಐದೂವರೆಗೆ ಮುಂಚಿನ ದಾಖಲಾತಿಗಳಿಗೆ ಮಾತ್ರ ಹೀಗಾದರೆ ಕಾರಣ ಹುಡುಕಬೇಕಿಲ್ಲ. 1ನೇ ತಾರೀಖು ಬೆಳಗಿನ 3 ಗಂಟೆ ಭಾರತೀಯ ಕಾಲಮಾನವೆಂದರೆ ಜಾಗತಿಕ ಕಾಲಮಾನವಾದ ಯುಟಿಸಿಯಲ್ಲಿ ಹಿಂದಿನ ದಿನದ ರಾತ್ರಿ 9.30. ವಿಮಾ ಸರ್ವರ್ ಸಮಯವನ್ನು ಯುಟಿಸಿಗೆ ತಿರುಗಿಸಿ, ಗಂಟೆಯನ್ನು ಕತ್ತರಿಸಿ, ಉಳಿದ ದಿನಾಂಕವನ್ನು ಪಾಲಿಸಿಯ ಆರಂಭದ ದಿನದೊಡನೆ ಹೋಲಿಸಿರುತ್ತದೆ.

ಎಫ್‌ಎಚ್‌ಐಆರ್‌ನಲ್ಲಿ ಗಂಟೆ ಬರೆದ ಮೇಲೆ ಕಾಲವಲಯ ಬರೆಯುವುದು ಕಡ್ಡಾಯ. ಬರೆದದ್ದನ್ನು ಗೌರವಿಸುವುದು ಸ್ವೀಕರಿಸುವವರ ಹೊಣೆ. ಪಾಲಿಸಿ ಆರಂಭದ ದಿನ, ಮುಗಿಯುವ ದಿನ, ಎರಡರ ಮುಂಜಾನೆ 3 ಮತ್ತು ಸಂಜೆ 6 ಗಂಟೆಯ ದಾಖಲಾತಿಗಳನ್ನು ಟೆಸ್ಟ್ ಕೇಸುಗಳಾಗಿ ಶಾಶ್ವತವಾಗಿ ಇಟ್ಟುಕೊಳ್ಳಿ. ಯುಟಿಸಿಯೆಂದು ತಪ್ಪಾಗಿ ಓದಿ ಮತ್ತೆ ಐದೂವರೆ ಗಂಟೆ ಕೂಡಿಸುವ ತಂತ್ರಾಂಶ ಸಂಜೆ 6ಕ್ಕೆ ಸಿಕ್ಕಿಬೀಳುವುದಿಲ್ಲ, ರಾತ್ರಿ 8ಕ್ಕೆ ಸಿಗುತ್ತದೆ, ಅದನ್ನೂ ಸೇರಿಸಿ.

ಮಾಲೂರಿನಲ್ಲಿ ಪಾಸ್, ಕೋಲಾರದಲ್ಲಿ ಫೇಲ್

ಈ ದೋಷವನ್ನು ಬೇರೆ ರಾಜ್ಯದ ತಂಡಗಳು ನಂಬುವುದೇ ಇಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ವಿಳಾಸ ಅಥವಾ ಹೆಸರು ಕನ್ನಡದಲ್ಲಿದ್ದಾಗ ಕೆಲವು ಊರಿನ ರೋಗಿಗಳ ದಾಖಲೆ ಹೊಂದುತ್ತದೆ, ಕೆಲವು ಊರಿನವರದು ಹೊಂದುವುದಿಲ್ಲ. ಮಾಲೂರು, ಮುಳಬಾಗಿಲು ಸರಿ. ಕೋಲಾರ, ಬಂಗಾರಪೇಟೆ, ಶ್ರೀನಿವಾಸಪುರ ತಪ್ಪು.

ಯೂನಿಕೋಡ್‌ನಲ್ಲಿ ‘ಕೋ’ ಬರೆಯಲು ಎರಡು ದಾರಿಗಳಿವೆ. ಕ ಅಕ್ಷರಕ್ಕೆ ಓ-ಕಾರದ ಒಂದೇ ಚಿಹ್ನೆ ಹಚ್ಚಬಹುದು. ಇಲ್ಲವೇ ಎ-ಕಾರ, ಊ-ಕಾರ ಮತ್ತು ದೀರ್ಘದ ಗುರುತು ಎಂದು ಮೂರು ಚಿಹ್ನೆಗಳನ್ನು ಸಾಲಾಗಿ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಮೊದಲ ರೀತಿಯಲ್ಲಿ ‘ಕೋಲಾರ’ ಯುಟಿಎಫ್-8ರಲ್ಲಿ 15 ಬೈಟ್, ಎರಡನೆಯದರಲ್ಲಿ 21. ಏ-ಕಾರ, ಈ-ಕಾರ, ಐ-ಕಾರ, ಒ-ಕಾರಗಳಿಗೂ ಇದೇ ಪಾಡು. ಮಾಲೂರಿನ ಊ-ಕಾರವಾಗಲಿ ಮುಳಬಾಗಿಲಿನ ಯಾವ ಚಿಹ್ನೆಯಾಗಲಿ ಹೀಗೆ ಒಡೆಯುವುದಿಲ್ಲ. ನುಡಿ, ಬರಹದ ಹಳೆಯ ಫಾಂಟ್ ದತ್ತಾಂಶವನ್ನು ಅರೆಬರೆ ಪರಿವರ್ತಕಗಳಿಂದ ಯೂನಿಕೋಡಿಗೆ ತಂದ ಆಸ್ಪತ್ರೆಗಳಲ್ಲಿ ಒಡೆದ ರೂಪ ಉಳಿದುಕೊಂಡಿರುತ್ತದೆ, ಏಕೆಂದರೆ ಆ ಫಾಂಟುಗಳು ಅಕ್ಷರವನ್ನು ಹಾಗೆಯೇ ತುಂಡುಗಳಲ್ಲಿ ಕೂಡಿಸುತ್ತಿದ್ದವು. ವಿಮಾ ತಂತ್ರಾಂಶ ಬೈಟುಗಳನ್ನು ನೇರವಾಗಿ ಹೋಲಿಸಿದರೆ ಒಂದೇ ಊರು ಎರಡು ಊರಾಗುತ್ತದೆ.

ಪರಿಹಾರ: ಹೋಲಿಸುವ ಮುನ್ನ ಎರಡೂ ಬದಿಯನ್ನು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಡೆದ ಚಿಹ್ನೆಗಳನ್ನು ಕೂಡಿಸಿದ ಯೂನಿಕೋಡ್ ರೂಪಕ್ಕೆ, ತರಬೇಕು. ಆದರೆ ಹೋಲಿಕೆಗಾಗಿ ಮಾಡಿದ ಪ್ರತಿಯಲ್ಲಿ ಮಾತ್ರ. ಡಿಜಿಟಲ್ ಸಹಿ ಇರುವ ಮೂಲ ಸಂದೇಶವನ್ನೇ ತಿದ್ದಿದರೆ ಸಹಿ ಮುರಿಯುತ್ತದೆ. ‘ರಾಜ್‌ಕುಮಾರ್’ ಎಂಬಲ್ಲಿ ಜ್ ನಂತರ ಕೂತಿರುವ ಕಣ್ಣಿಗೆ ಕಾಣದ, ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ ಜಡ್‌ಡಬ್ಲ್ಯುಎನ್‌ಜೆ ಗುರುತು ಎನ್‌ಎಫ್‌ಸಿಯಿಂದಲೂ ಹೋಗುವುದಿಲ್ಲ, ಅದನ್ನು ಬೇರೆಯಾಗಿ ನೋಡಿಕೊಳ್ಳಬೇಕು. ಇಷ್ಟೆಲ್ಲ ಹೇಳಿದ ಮೇಲೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ರೋಗಿಯನ್ನು ಹೆಸರು, ಊರಿನಿಂದ ಹೊಂದಿಸುವುದಾದರೂ ಏಕೆ? ಪಾಲಿಸಿ ಸಂಖ್ಯೆ ಇದೆ, ಆರೋಗ್ಯ ಖಾತೆಯ 14 ಅಂಕಿಯ ಆಭಾ ಸಂಖ್ಯೆ ಇದೆ. ಆಭಾ ಸಂಖ್ಯೆಯನ್ನು ಒಬ್ಬರು ಅಡ್ಡಗೆರೆ ಹಾಕಿ, ಇನ್ನೊಬ್ಬರು ಹಾಕದೆ ಬರೆದು ಅಲ್ಲಿಯೂ ಹೊಂದದಂತೆ ಮಾಡಿಕೊಂಡಿರುವುದನ್ನು ನೋಡಿದ್ದೇನೆ. ಅದು ತಿದ್ದಲು ಸುಲಭದ ತಪ್ಪು.

ಪರೀಕ್ಷಾ ದತ್ತಾಂಶವನ್ನು ಎಕ್ಸೆಲ್‌ನಲ್ಲಿ ಇಡುವವರಿಗೆ ಒಂದು ಮಾತು. ಸ್ನೋಮೆಡ್ ಸಂಕೇತ 18 ಅಂಕಿಯವರೆಗೆ ಇರಬಹುದು, ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ಉಳಿಸಿಕೊಂಡು ಉಳಿದದ್ದನ್ನು ಸೊನ್ನೆ ಮಾಡುತ್ತದೆ. ಸಂಕೇತದ ಕೊನೆಯ ಅಂಕಿ ತಾಳೆಯ ಅಂಕಿಯಾದ್ದರಿಂದ ಹಾಳಾದ ಸಂಕೇತವನ್ನು ವಿಮಾ ತಂತ್ರಾಂಶ ಹಿಡಿಯಬಲ್ಲದು. ಹಿಡಿದರೆ ಅದು ಅವರ ದೋಷವಲ್ಲ, ನಿಮ್ಮ ಕಡತದ್ದು. ಕಾಲಮ್ಮನ್ನು ಪಠ್ಯವೆಂದು ಗುರುತಿಸಿ ಮುಂದುವರಿಯಿರಿ.

ಹಣ ತಪ್ಪಾಗಿ ಕಂಡಾಗ

ಎಲ್ಲ ಮೆಟ್ಟಿಲು ಇಳಿದ ಮೇಲೆ ಉಳಿಯುವುದು ಅರ್ಥದ ದೋಷ, ಮತ್ತು ಇದನ್ನು ಯಾವ ವ್ಯಾಲಿಡೇಟರೂ ಹೇಳುವುದಿಲ್ಲ. ವಿಮಾ ಕಂಪನಿಯ ಉತ್ತರವಿರುವ ಕ್ಲೇಮ್‌ರೆಸ್ಪಾನ್ಸ್‌ನ ಔಟ್‌ಕಮ್ ಅಂಶದಲ್ಲಿ ‘ಕಂಪ್ಲೀಟ್’ ಎಂದು ಬಂದರೆ ಸಂಸ್ಕರಣೆ ಮುಗಿದಿದೆ ಎಂದರ್ಥ, ಮಂಜೂರಾಗಿದೆ ಎಂದಲ್ಲ. ಪೂರ್ತಿ ತಿರಸ್ಕರಿಸಿದ ಕ್ಲೇಮು ಕೂಡ ‘ಕಂಪ್ಲೀಟ್’ ಆಗಿಯೇ ಬರಬಹುದು. ಅದನ್ನು ನೋಡಿ ಹಸಿರು ಪಟ್ಟಿ ತೋರಿಸುವ ಆಸ್ಪತ್ರೆ ಪರದೆಗಳಿವೆ. ಬಿಡುಗಡೆಯ ಹೊತ್ತಿಗೆ ಜಗಳ ಅಲ್ಲಿಂದ ಶುರುವಾಗುತ್ತದೆ. ಸಂದೇಶದ ಹೆಡರಿನಲ್ಲಿಯೂ ಇದೇ ಪದದ ಇನ್ನೊಂದು ಸ್ಥಿತಿ ಇದೆ, ಅದು ಹೇಳುವುದು ಉತ್ತರ ತಲುಪಿಸುವ ಕೆಲಸದ ಬಗ್ಗೆ. ನಿರ್ಧಾರವನ್ನೇ ನೇರವಾಗಿ ಹೇಳುವ ಪ್ರತ್ಯೇಕ ಅಂಶ ಎಫ್‌ಎಚ್‌ಐಆರ್‌ಗೆ ಸೇರಿದ್ದು 2023ರ ಆರ್5 ಆವೃತ್ತಿಯಲ್ಲಿ. ನಾವು ಆರ್4ರಲ್ಲಿ ಇದ್ದೇವೆ. ಆದ್ದರಿಂದ ಮೊತ್ತವನ್ನು ಅಡ್ಜುಡಿಕೇಶನ್ (ತೀರ್ಮಾನದ ಲೆಕ್ಕ) ಸಾಲುಗಳಿಂದಲೇ ಓದಬೇಕು.

ಒಂದು ಕಲ್ಪಿತ ಹರ್ನಿಯಾ ಶಸ್ತ್ರಚಿಕಿತ್ಸೆ ತೆಗೆದುಕೊಳ್ಳಿ. ಆಸ್ಪತ್ರೆ ಕೇಳಿದ್ದು 48,000 ರೂಪಾಯಿ. ಅರ್ಹ ಮೊತ್ತ 42,000. ರೋಗಿಯ ಸಹಪಾವತಿ ಶೇ 10, ಅಂದರೆ 4,200. ವಿಮೆ ಕೊಡುವುದು 37,800. ಈ ನಾಲ್ಕೂ ಒಂದೇ ಪಟ್ಟಿಯಲ್ಲಿ ಬೇರೆ ಬೇರೆ ವರ್ಗಸಂಕೇತದೊಂದಿಗೆ ಬರುತ್ತವೆ. ಪಟ್ಟಿಯ ಮೊದಲ ಸಾಲನ್ನು ಓದಿ ‘ಮಂಜೂರು’ ಎಂದು ತೋರಿಸುವ ತಂತ್ರಾಂಶ, ವಿಮಾ ಕಂಪನಿ ಸಾಲುಗಳ ಕ್ರಮ ಬದಲಿಸಿದ ದಿನ 48,000 ತೋರಿಸುತ್ತದೆ. ಇಲ್ಲಿ ದೋಷ ಆಸ್ಪತ್ರೆಯ ಕಡೆಯದು. ಸಹಪಾವತಿಯ ಸಾಲೇ ಇಲ್ಲದೆ, ಕಡಿತಕ್ಕೆ ಕಾರಣ ಹೇಳದೆ 37,800 ಎಂದಷ್ಟೇ ಬಂದರೆ ದೋಷ ವಿಮಾ ಕಂಪನಿಯದು; ಆಕಾರ ಸರಿಯಿದೆ ಎಂಬ ಸಮಜಾಯಿಷಿಯನ್ನು ಒಪ್ಪಬೇಡಿ. ಸಾಲುಗಳ ಕ್ರಮವನ್ನು ಬೇಕೆಂದೇ ಕಲಸಿ ಪರೀಕ್ಷಿಸಿ, ವಸ್ತುವಾರು ಮೊತ್ತಗಳನ್ನು ಕೂಡಿ ಒಟ್ಟು ಮೊತ್ತದೊಂದಿಗೆ ತಾಳೆ ನೋಡಿ.

ತಪ್ಪು ಕಳಿಸಿ ನೋಡುವುದು

ಸರಿಯಾದ ಸಂದೇಶಕ್ಕೆ ಸರಿಯಾದ ಉತ್ತರ ಕೊಡುವುದು ಅನುಸರಣೆಯ ಅರ್ಧ ಮಾತ್ರ. ಒಂದೇ ಕೋರಿಕೆಯನ್ನು ಎರಡು ಸಲ ಕಳಿಸಿ: ಎರಡು ಪೂರ್ವಾನುಮತಿ ಹುಟ್ಟಿದರೆ ದೋಷ. ಕಡ್ಡಾಯ ಅಂಶ ತೆಗೆದು ಕಳಿಸಿ: ತಪ್ಪನ್ನು ವಿವರಿಸುವ ಆಪರೇಶನ್‌ಔಟ್‌ಕಮ್ ಬರಬೇಕು, ಅದರಲ್ಲಿ ಯಾವ ಅಂಶ ಎಂಬ ದಾರಿಯೂ ಇರಬೇಕು. ‘ಏನೋ ತಪ್ಪಾಗಿದೆ’ ಎಂಬ ಉತ್ತರ ವಿಮಾ ಡೆಸ್ಕಿನಲ್ಲಿ ಕೂತವರಿಗೆ ಯಾವ ಪ್ರಯೋಜನಕ್ಕೂ ಬರುವುದಿಲ್ಲ. ಬಿಂದುವಿಲ್ಲದೆ ‘ಕೆ409’ ಎಂದು ರೋಗದ ಐಸಿಡಿ-10 ಸಂಕೇತ ಕಳಿಸಿ: ಸದ್ದಿಲ್ಲದೆ ‘ಕೆ40.9’ ಎಂದು ತಿದ್ದಿಕೊಂಡು ಮುಂದುವರಿದರೆ ಅದನ್ನೂ ವರದಿಯಲ್ಲಿ ಬರೆಯಿರಿ.

ವರದಿ ಕಳಿಸುವಾಗ ಕಚ್ಚಾ ಸಂದೇಶ, ಬಿಡಿಸಿದ ಹೆಡರ್, ವ್ಯಾಲಿಡೇಟರಿನ ಮತ್ತು ಪ್ರೊಫೈಲಿನ ಆವೃತ್ತಿ, ಕಾಲವಲಯ ಸಹಿತ ಸಮಯ, ಮತ್ತು ಯಾವ ನಿಯಮ ಮುರಿದಿದೆ ಎಂಬುದರ ನಿಖರ ಉಲ್ಲೇಖ ಇರಲಿ. ದೋಷ ಯಾರ ಕಡೆಯದು ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ನಿಮ್ಮ ಕಡೆಯದಾಗಿದ್ದರೆ ಅದನ್ನೂ ಮೊದಲ ಸಾಲಿನಲ್ಲೇ ಬರೆಯಿರಿ, ಇಲ್ಲವಾದರೆ ಎದುರಿನ ತಂಡ ಎರಡನೆಯ ಸಾಲಿಗೆ ಬರುವುದಿಲ್ಲ.